ಹೋಬಳಿಗೊಬ್ಬಳೇ ನಮ್ಮತ್ತೆ

ಸರ್ಕಾರ ಕೃಷಿ ಇಲಾಖೆಯನ್ನು ನಡೆಸುತ್ತಿರುವುದು ತನ್ನೊಬ್ಬಳಿಗಾಗಿಯೇ ಎಂದು ನಮ್ಮತ್ತೆ ಬಲವಾಗಿ ನಂಬಿದ್ದಾಳೆ. ನಗಬೇಡಿ. ನಮ್ಮ ಹೋಬಳಿಯ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ!

ಅತ್ತೆ ಎಂದರೆ ನನ್ನ ಗಂಡನ ತಾಯಿಯಲ್ಲ. ಅವರ ವಿಷಯವನ್ನು ಹೀಗೆಲ್ಲ ಬರೆಯುವಷ್ಟು ಧೈರ್ಯ ನನಗಿಲ್ಲ. ಇವಳು ನಮ್ಮಪ್ಪನ ಅಕ್ಕ. ವೈಟ್‌ಫೀಲ್ಡಿನ ಆಚೆಗಿರುವ ನಮ್ಮ ಊರನ್ನು ಐಟಿ ಪಾರ್ಕುಗಳು ಸುತ್ತುವರಿದಾಗ ಮಿಕ್ಕವರೆಲ್ಲ ಹೊಲ ಮಾರಿ ಕಾರು ಕೊಂಡರು. ಅತ್ತೆ ಮನೆಯ ಹಿತ್ತಲಲ್ಲಿ ಸಾಲಾಗಿ ಎಂಟು ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಳು. ಇಪ್ಪತ್ತು ಗುಂಟೆ ಹೊಲವನ್ನು ಮಾತ್ರ ಹಾಗೇ ಉಳಿಸಿಕೊಂಡಳು. ಅದರ ಒಂದು ಮಗ್ಗುಲಿಗೆ ಗಾಜಿನ ಆಫೀಸು, ಇನ್ನೊಂದಕ್ಕೆ ಅಪಾರ್ಟ್‌ಮೆಂಟು, ಮೂರನೆಯದಕ್ಕೆ ನೀರಿನ ಟ್ಯಾಂಕರುಗಳು ನಿಲ್ಲುವ ಜಾಗ. ನಡುವೆ ರಾಗಿ, ರಾಗಿಯ ನಡುವೆ ಅವರೆ ಸಾಲು. ಗಾಜಿನ ಆಫೀಸಿನ ಏಳನೇ ಮಹಡಿಯಲ್ಲಿ ಕಾಫಿ ಹಿಡಿದು ನಿಂತವರಿಗೆ ಕೆಳಗೆ ನಮ್ಮತ್ತೆ ಕಳೆ ಕೀಳುವುದು ನಿಚ್ಚಳವಾಗಿ ಕಾಣುತ್ತದೆ.

"ಬಾಡಿಗೆ ಬರುತ್ತಲ್ಲ ಅತ್ತೆ, ಈ ವಯಸ್ಸಿನಲ್ಲಿ ರಾಗಿ ಯಾಕೆ?" ಎಂದು ಒಮ್ಮೆ ಕೇಳಿದೆ.

"ಬಾಡ್ಗೆ ಚೀಟಿ ಬೇಯಿಸ್ಕೊಂಡು ಉಣ್ಣಕಾಯ್ತದಾ?" ಎಂದಳು. ಆಮೇಲೆ ನಾನು ಆ ಪ್ರಶ್ನೆಯ ತಂಟೆಗೆ ಹೋಗಲಿಲ್ಲ.

ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇರುತ್ತದಲ್ಲ, ನಮ್ಮಲ್ಲೂ ಇದೆ. ಅದರಲ್ಲಿ ಕೃಷಿ ಸಹಾಯಕ, ಒಬ್ಬ ಗುಮಾಸ್ತ, ಬೀಜದ ಮೂಟೆಗಳು, ಗೋಡೆ ತುಂಬ ಕೀಟಗಳ ಬಣ್ಣದ ಚಿತ್ರಗಳು. ಕೊರತೆಯೆಂದರೆ ರೈತರದು ಮಾತ್ರ! ಅತ್ತೆ ಮೆಟ್ಟಿಲು ಹತ್ತಿದರೆ ಸಾಕು, ಮದುಮಗನ ಕಡೆಯವರು ಬಂದಂತೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ರಾಗಿ ಬೀಜ, ಎರೆಗೊಬ್ಬರ, ಔಷಧಿ ಹೊಡೆಯುವ ಪಂಪು, ವರ್ಷಕ್ಕೊಂದು ನೀಲಿ ಟಾರ್ಪಾಲು, ಸಹಾಯಧನದಲ್ಲಿ ಏನು ಬಂದರೂ ಮೊದಲ ಹೆಸರು ನಮ್ಮತ್ತೆಯದು. ಕೊನೆಯ ಹೆಸರೂ ಅವಳದೇ.

ಒಂದು ಸಲ ಅಲ್ಲಿ ರೈತರ ತರಬೇತಿ ಏರ್ಪಾಟಾಯಿತು. ಬೇಸಿಗೆ ರಜೆಯಾದ್ದರಿಂದ, ಶಾಲೆಯಲ್ಲಿ ಕನ್ನಡ ಪಾಠ ಮಾಡುವ ನಾನೂ ಅವಳ ಜೊತೆಗೆ ಹೋದೆ. ವೇದಿಕೆಯ ಮೇಲೆ ಐವರು ಅಧಿಕಾರಿಗಳು, ಎದುರಿಗೆ ಐವತ್ತು ಕುರ್ಚಿಗಳು, ಕುರ್ಚಿಗಳಲ್ಲಿ ನಾವಿಬ್ಬರು. ದೊಡ್ಡ ಸಾಹೇಬರು ಮೈಕು ಹಿಡಿದು "ನೆಚ್ಚಿನ ರೈತ ಬಾಂಧವರೇ!" ಎಂದು ಗುಡುಗಿದರು. ಅತ್ತೆ ಹಿಂದೆ ತಿರುಗಿ ನೋಡಿದಳು.

"ಬಾಂಧವ್ರು ಯಾರೂ ಬಂದಿಲ್ಲ ಸಾಮಿ. ಇವ್ಳು ನಮ್ಮುಡ್ಗಿ, ಮೇಷ್ಟ್ರು. ನಾನೊಬ್ಳೇ ಇರೋದು, ಮೈಕ್ ಮಡಗ್ಬಿಟ್ಟು ಇಲ್ಲೇ ಬಂದ್ ಕುಂತ್ಕೊಂಡು ಯೋಳಿ."

ವರದಿಗೆ ಫೋಟೋ ಬೇಕಿತ್ತು. ಅತ್ತೆಯನ್ನು ಮೊದಲ ಸಾಲಿನಲ್ಲಿ ಕೂರಿಸಿ ಒಂದು ತೆಗೆದರು, ನಾಲ್ಕನೇ ಸಾಲಿನಲ್ಲಿ ತಲೆಗೆ ಸೆರಗು ಹೊದಿಸಿ ಇನ್ನೊಂದು, ನನ್ನ ದುಪ್ಪಟ್ಟಾ ಹೊದಿಸಿ ಮತ್ತೊಂದು! ಐವತ್ತು ಜನರಿಗೆಂದು ಮಾಡಿಸಿದ್ದ ಉಪ್ಪಿಟ್ಟನ್ನು ಪಾತ್ರೆಯ ಸಮೇತ ಆಟೋದಲ್ಲಿಟ್ಟುಕೊಂಡು ಬಂದು ರೂಮಿನವರಿಗೆಲ್ಲ ಹಂಚಿದಳು.

ಪಂಪಿನ ಕಥೆ ಇನ್ನೂ ಸೊಗಸು. ಗಾಜಿನ ಆಫೀಸಿನ ಹುಡುಗರು ಕಾಂಪೌಂಡಿನ ಗಿಡ್ಡ ಗೋಡೆಗೆ ಒರಗಿ ಸಿಗರೇಟು ಸೇದುತ್ತಿದ್ದರು. ತುಂಡುಗಳು ರಾಗಿ ಹೊಲಕ್ಕೆ ಬೀಳುತ್ತಿದ್ದವು. ಅತ್ತೆ ಎರಡು ದಿನ ಬಾಯಲ್ಲಿ ಹೇಳಿದಳು. ಮೂರನೆಯ ದಿನ ಪಂಪಿಗೆ ಬರೀ ನೀರು ತುಂಬಿ ಬೆನ್ನಿಗೇರಿಸಿಕೊಂಡು ಗೋಡೆಯ ಬುಡದಲ್ಲಿ ನಿಂತು ಒಂದೇ ಸಮನೆ ಹೊಡೆದಳು. ಹುಡುಗರು ಕೊರಳಲ್ಲಿ ನೇತಾಡುತ್ತಿದ್ದ ಕಾರ್ಡುಗಳನ್ನು ಮುಚ್ಚಿಕೊಂಡು ಓಡಿದರು. ಸೆಕ್ಯೂರಿಟಿಯವನು ಬಂದು ಕೂಗಾಡಿದ.

"ಹುಳ ಬಿದ್ದೈತೆ ಕಣಪ್ಪ, ಔಷ್ದಿ ಹೊಡೀತಾ ಇವ್ನಿ" ಎಂದಳು ಅತ್ತೆ. "ಪಂಪು ಸರ್ಕಾರದ್ದು. ಕೇಳೋದಿದ್ರೆ ಸರ್ಕಾರನ್ನೇ ಕೇಳು!"

ಇಂಥ ಅತ್ತೆಗೆ ಒಂದು ಕಾರ್ತಿಕ ಮಾಸದಲ್ಲಿ, ರಾಗಿ ತೆನೆ ಬಲಿತು ಕಂದುಬಣ್ಣಕ್ಕೆ ತಿರುಗಿದ ಹೊತ್ತಿಗೆ, ಕಂದಾಯದ ಕಚೇರಿಯಿಂದ ನೋಟಿಸು ಬಂತು. ಓದಲು ನನ್ನನ್ನು ಕರೆಸಿದಳು. "ಸದರಿ ಜಮೀನಿನಲ್ಲಿ ಬೇಸಾಯ ನಿಲ್ಲಿಸಿ, ಅನುಮತಿ ಇಲ್ಲದೆ ಕೂಲಿ ಕಾರ್ಮಿಕರ ಶೆಡ್ಡುಗಳನ್ನು ನಿರ್ಮಿಸಿರುವುದು ಕಂಡುಬಂದಿರುತ್ತದೆ. ಸದರಿ ಜಮೀನನ್ನು ಸರ್ಕಾರದ ವಶಕ್ಕೆ ಏಕೆ ತೆಗೆದುಕೊಳ್ಳಬಾರದು?"

"ಶೆಡ್ಡಾ? ನನ್ನ ಹೊಲ್ದಾಗಾ?" ಅತ್ತೆ ಎದ್ದು ಹೋಗಿ ಹೊಲವನ್ನೊಮ್ಮೆ ನೋಡಿಕೊಂಡು ಬಂದಳು. ಯಾರಾದರೂ ತನಗೆ ತಿಳಿಯದಂತೆ ಕಟ್ಟಿಬಿಟ್ಟಿರಬಹುದೇ ಎಂಬ ಗುಮಾನಿ!

ಮರುದಿನ ರಜೆ ಹಾಕಿ ಅವಳನ್ನು ಕಚೇರಿಗೆ ಕರೆದುಕೊಂಡು ಹೋದೆ. ಅಲ್ಲಿನ ಗುಮಾಸ್ತರು ಕಂಪ್ಯೂಟರಿನಲ್ಲಿ ಪಹಣಿ ತೆಗೆದರು. ಬೆಳೆ ಬರೆಯುವ ಕಾಲಂನಲ್ಲಿ 'ರಾಗಿ' ಇರಬೇಕಾದ ಕಡೆ 'ಶೆಡ್' ಎಂದಿತ್ತು. ಒಂದಲ್ಲ, ನಾಲ್ಕು ಶೆಡ್ಡುಗಳು!

"ನೀಲಿ ಚಾವಣಿ ಅಂತ ಬರ್ದಿದ್ದಾರೆ ಮೇಡಂ. ನೋಡ್ಕೊಂಡು ಬಂದೇ ಬರ್ದಿರ್ತಾರೆ" ಎಂದರು ಗುಮಾಸ್ತರು.

ನೀಲಿ ಚಾವಣಿ! ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಸರ್ಕಾರ ಕೊಟ್ಟ ಟಾರ್ಪಾಲುಗಳನ್ನು ಅತ್ತೆ ಹೊಲದ ಮೂಲೆಯಲ್ಲಿದ್ದ ನಾಲ್ಕು ಹುಲ್ಲಿನ ಮೆದೆಗಳಿಗೆ ಅಚ್ಚುಕಟ್ಟಾಗಿ ಹೊದಿಸಿದ್ದಳು. ಬೆಳೆ ನೋಡಲು ಬಂದ ಪುಣ್ಯಾತ್ಮರು ಟ್ಯಾಂಕರುಗಳ ಸಂದಿಯಿಂದಲೇ ಇಣುಕಿ ನೋಡಿ ಹೋಗಿರಬೇಕು. ನಮ್ಮ ಕಡೆ ಕಟ್ಟಡದ ಕೆಲಸ ನಡೆಯುವಲ್ಲೆಲ್ಲ ನೀಲಿ ಹೊದಿಕೆಯ ಶೆಡ್ಡುಗಳೇ. ಅವರನ್ನೂ ತಪ್ಪೆನ್ನಲು ಬಾಯಿ ಬರುವುದಿಲ್ಲ.

"ಸಾಮಿ, ನಾಕು ಮನೆ ಕಟ್ಟಿವ್ನಿ ಅಂತೀರಲ್ಲ, ಬನ್ನಿ ತೋರ್ಸಿ. ನಾನೂ ಒಂದಿನ ಮಲೀಕ್ಕಂಡು ನೋಡ್ತೀನಿ" ಎಂದಳು ಅತ್ತೆ.

ಗುಮಾಸ್ತರು ನಗಲಿಲ್ಲ. ಸ್ಥಳ ಪರಿಶೀಲನೆಗೆ ಗ್ರಾಮ ಲೆಕ್ಕಿಗರು ಬರಬೇಕು, ಅವರು ಚುನಾವಣಾ ಪಟ್ಟಿಯ ಕೆಲಸದಲ್ಲಿದ್ದಾರೆ, ಬಂದಾಗ ಬರುತ್ತಾರೆ. "ಅಲ್ಲೀವರ್ಗೂ ಬೆಳೆ ಕೊಯ್ಬೇಡಿ ಅಮ್ಮ. ಕೊಯ್ದುಬಿಟ್ರೆ ಖಾಲಿ ನೆಲ, ಪ್ರೂಫ್ ಇರಲ್ಲ."

ಬಲಿತ ರಾಗಿಯನ್ನು ಕೊಯ್ಯದೆ ನಿಲ್ಲಿಸುವುದೆಂದರೇನು? ಹಕ್ಕಿ ಬಿಡುವುದಿಲ್ಲ, ಇಲಿ ಬಿಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮದ್ರಾಸಿನ ಕಡೆ ವಾಯುಭಾರ ಕುಸಿತವೆಂದು ಟೀವಿಯಲ್ಲಿ ಹೇಳತೊಡಗಿದ್ದರು. ಒಂದು ಜೋರು ಮಳೆ ಬಿದ್ದರೆ ತೆನೆ ನೆಲ ಕಚ್ಚಿ ಮೊಳಕೆಯೊಡೆಯುತ್ತದೆ. ಕೊಯ್ದರೆ ಹೊಲ ಹೋದೀತು, ಕೊಯ್ಯದಿದ್ದರೆ ಬೆಳೆ ಹೋದೀತು!

ಅತ್ತೆ ಕಚೇರಿಯಿಂದ ಬಂದವಳೇ ಹೊಲಕ್ಕೆ ಹೋದಳು. ದಿನವಿಡೀ ಬದುವಿನ ಮೇಲೆ ಕುಳಿತಿರುತ್ತಿದ್ದಳು. ಸಿಗರೇಟಿನ ಹುಡುಗರು ಬಂದರೂ ಪಂಪು ಮುಟ್ಟಲಿಲ್ಲ. ಅವರಿಗೇ ಗಾಬರಿಯಾಗಿ ಒಬ್ಬ ನನ್ನನ್ನು ಕೇಳಿದ: "ಆಂಟಿ, ಅಜ್ಜಿಗೆ ಹುಷಾರಿಲ್ವಾ?"

ಆರನೆಯ ದಿನ ನಾನು ರೈತ ಸಂಪರ್ಕ ಕೇಂದ್ರಕ್ಕೆ ಓಡಿದೆ. ಕೃಷಿ ಸಹಾಯಕರು ನೋಟಿಸನ್ನು ಎರಡು ಸಲ ಓದಿ ಬಿಳಿಚಿಕೊಂಡರು. "ಅಮ್ಮನ್ನ ರೈತರಲ್ಲ ಅಂದ್ಬಿಟ್ರೆ ನಮ್ ಆಫೀಸ್ ಗತಿಯೇನು ಮೇಡಂ?" ಆಮೇಲೆ ಏನೋ ಹೊಳೆದು, ಮೇಜಿನ ಮೇಲೆ ಗುದ್ದಿದರು. "ಕಟಾವು ಪ್ರಯೋಗ!"

ವಿಷಯ ಇಷ್ಟು. ಇಳುವರಿ ಎಷ್ಟಿದೆಯೆಂದು ತಿಳಿಯಲು ಪ್ರತಿ ವರ್ಷ ಆಯ್ದ ಹೊಲಗಳಲ್ಲಿ ಒಂದು ಚೌಕ ಗುರುತು ಮಾಡಿ, ಅಷ್ಟನ್ನು ಅಧಿಕಾರಿಗಳೇ ನಿಂತು ಕೊಯ್ಯಿಸಿ ತೂಗಿ ಬರೆದುಕೊಳ್ಳುತ್ತಾರೆ. ಅದಕ್ಕೆ ಗ್ರಾಮ ಲೆಕ್ಕಿಗರೂ ಬಂದು ರುಜು ಹಾಕಬೇಕು. ಚುನಾವಣೆಯ ಕೆಲಸವೆಂದು ತಪ್ಪಿಸಿಕೊಳ್ಳುವಂತಿಲ್ಲ. ಆ ವರ್ಷದ ಪ್ರಯೋಗಕ್ಕೆ ಹೊಲ ಸಿಗದೆ ಸಹಾಯಕರು ತಲೆ ಚಚ್ಚಿಕೊಳ್ಳುತ್ತಿದ್ದರಂತೆ. ಆಯ್ಕೆಯಾದ ಒಂದು ಸರ್ವೆ ನಂಬರಿನಲ್ಲಿ ಈಜುಕೊಳ ಇತ್ತು, ಇನ್ನೊಂದರಲ್ಲಿ ಮಾಲ್!

ಶನಿವಾರ ಬೆಳಿಗ್ಗೆ ಮೋಡ ಕಟ್ಟಿಕೊಂಡಿರುವಾಗಲೇ ಸಹಾಯಕರು ಗ್ರಾಮ ಲೆಕ್ಕಿಗರನ್ನು ತಮ್ಮ ಬೈಕಿನ ಹಿಂದೆ ಕೂರಿಸಿಕೊಂಡು ಬಂದರು. ಲೆಕ್ಕಿಗರು ಕನ್ನಡಕದ ಸಣ್ಣ ವಯಸ್ಸಿನವರು. ಅತ್ತೆ ಅವರ ಕೈ ಹಿಡಿದು ನೇರವಾಗಿ ಮೆದೆಗಳ ಹತ್ತಿರ ಕರೆದೊಯ್ದು ಟಾರ್ಪಾಲು ಎತ್ತಿದಳು.

"ಬನ್ನಿ ಶಾನುಭೋಗ್ರೇ, ಒಳೀಕೆ ಬನ್ನಿ. ಇದು ಹಾಲ್, ಇದು ಅಡ್ಗೆಮನೆ. ಹುಷಾರು, ಹುಲ್ಲು ಚುಚ್ತದೆ."

ಲೆಕ್ಕಿಗರ ಮುಖ ಕೆಂಪಾಯಿತು. "ಕ್ಷಮಿಸಿ ಅಮ್ಮ. ಆವತ್ತು ಟ್ಯಾಂಕರ್ ಅಡ್ಡ ನಿಂತಿತ್ತು" ಎಂದರು. ನಾಲ್ಕು ಗೂಟ ಹೊಡೆದರು, ದಾರ ಎಳೆದರು, ಚೌಕದೊಳಗಿನ ರಾಗಿ ಕೊಯ್ಯಿಸಿ ತೆನೆ ಬಡಿಸಿ ತೂಗಿದರು. ಅತ್ತೆ ತಕ್ಕಡಿಯ ಮುಳ್ಳನ್ನು ಪರೀಕ್ಷೆಯ ಫಲಿತಾಂಶ ನೋಡುವಂತೆ ನೋಡುತ್ತಿದ್ದಳು. ಲೆಕ್ಕಿಗರು ರುಜು ಹಾಕಿ, ಪಹಣಿಯಲ್ಲಿ ರಾಗಿಯನ್ನು ತಾವೇ ಖುದ್ದಾಗಿ ಸೇರಿಸಿ ನೋಟಿಸು ಕೈಬಿಡಿಸುವುದಾಗಿ ಬರೆದುಕೊಟ್ಟರು. "ಈ ಸಲ ಹೋಬಳಿಯ ಸರಾಸರಿ ಇಳುವರಿ ಚೆನ್ನಾಗಿದೆ" ಎಂದರು ಸಹಾಯಕರು. ಸರಾಸರಿಯೂ ಅತ್ತೆಯೇ, ಗರಿಷ್ಠವೂ ಅತ್ತೆಯೇ!

ಅತ್ತೆ ಬದುವಿನ ಮೇಲೆ ಕುಸಿದು ಕೂತು "ಉಸ್ಸಪ್ಪಾ" ಎಂದಳು. ಅಷ್ಟು ದಿನ ಕಟ್ಟಿಟ್ಟಿದ್ದ ಉಸಿರು ಅದು.

ಆದರೆ ಮೋಡ ಕಾಯುತ್ತದೆಯೇ? ಕೂಲಿಗೆ ಜನ ಎಲ್ಲಿ? ಅಷ್ಟರಲ್ಲಿ ಅತ್ತೆಯ ರೂಮುಗಳಲ್ಲಿ ಬಾಡಿಗೆಗಿದ್ದ ರಾಯಚೂರು, ಯಾದಗಿರಿ ಕಡೆಯವರು, ಗಾರೆ ಕೆಲಸದವರು, ಆಫೀಸುಗಳಲ್ಲಿ ಕಸ ಗುಡಿಸುವವರು, ಸುದ್ದಿ ಕೇಳಿ ಬಂದರು. ಯಾರೂ ಕರೆದಿರಲಿಲ್ಲ. ಎಲ್ಲಿಂದಲೋ ಕುಡುಗೋಲುಗಳನ್ನು ಹೊಂದಿಸಿಕೊಂಡು ಹೊಲಕ್ಕಿಳಿದರು. ಅವರಲ್ಲಿ ಗಾಜಿನ ಆಫೀಸಿನಲ್ಲಿ ನೆಲ ಒರೆಸುವ ಹೆಂಗಸೊಬ್ಬಳಿದ್ದಳು. ಅವಳ ಕೈಯ ವೇಗಕ್ಕೆ ಅತ್ತೆಯೇ ಬೆರಗಾದಳು.

"ಎಲ್ಲಿ ಕಲ್ತೆ ತಾಯಿ?"

"ಹುಟ್ಟಿದಾಗಿಂದ ಹೊಲದಾಗಽ ಇದ್ದೀವ್ರಿ ಅಮ್ಮಾರ. ನಮ್ಮ ಕಡಿ ಜ್ವಾಳ" ಎಂದಳು ಅವಳು, ಬಗ್ಗಿದಲ್ಲಿಂದಲೇ. "ಜ್ವಾಳದ ಹೊಲಾ ನೋಡಿ ಮೂರು ವರ್ಷಾತ್ರಿ."

ಮಳೆ ಬಂದದ್ದು ಸಂಜೆ. ಅಷ್ಟು ಹೊತ್ತಿಗೆ ಕಡೆಯ ಕಂತೆಯೂ ಟಾರ್ಪಾಲಿನಡಿ ಸೇರಿತ್ತು. ಸೂರಿನ ಕೆಳಗೆ ನಿಂತು ನಾವೆಲ್ಲ ಆ ಮಳೆಯನ್ನು ಬೇರೆಯವರ ಮನೆಯ ಜಗಳದಂತೆ ಹಾಯಾಗಿ ನೋಡಿದೆವು.

ಮುಂದಿನ ಮುಂಗಾರಿಗೆ ಅತ್ತೆ ಬೀಜ ತರಲು ಹೊರಟಾಗ ಜೊತೆಗೆ ನಾನೂ ಇದ್ದೆ. ಸಹಾಯಕರು ಎಂದಿನಂತೆ ರಾಗಿ ಚೀಲ ಎತ್ತಿಟ್ಟರು.

"ಬಿಳೀ ಜೋಳ ಐತಾ ಸಾಮಿ?"

"ಜೋಳಾನಾ? ನಮ್ ಹೋಬಳಿಗೆ ಜೋಳ ಬರಲ್ಲಮ್ಮ."

"ಜೋಳ ಬರ್ದಿದ್ರೇನು, ಜೋಳ ತಿನ್ನೋರು ಬಂದವ್ರಲ್ಲ!"

ಇಲಾಖೆಯ ಪಟ್ಟಿಯಲ್ಲಿ ನಮ್ಮ ಹೋಬಳಿಗೆ ಜೋಳ ಇರಲಿಲ್ಲ. ಅತ್ತೆ ಬಿಡಲಿಲ್ಲ. ಊರಿಗೆ ಹೋಗಿಬರುವ ಬಾಡಿಗೆಯವರಿಂದಲೇ ಒಂದು ಸೇರು ತರಿಸಿ ಹೊಲದ ತುದಿಯಲ್ಲಿ ನಾಲ್ಕು ಸಾಲು ಹಾಕಿದಳು. ಬಿತ್ತುವ ಹೊತ್ತೂ ಅದಲ್ಲ, ಅದರ ನೆಲವೂ ಇದಲ್ಲ. ಅರ್ಧ ಹುಟ್ಟಲಿಲ್ಲ. ಹುಟ್ಟಿದ್ದರಲ್ಲಿ ಅರ್ಧ ಗಿಳಿಗಳ ಪಾಲು. ಆದರೂ ಹತ್ತಿಪ್ಪತ್ತು ಮಾರು ಉದ್ದಕ್ಕೆ ಆಳೆತ್ತರದ ಗಿಡಗಳು ನಿಂತವು.

ಒಂದು ಸಂಜೆ ಅತ್ತೆಗೆ ಔಷಧಿ ಕೊಟ್ಟು ಬರಲು ಹೋಗಿದ್ದೆ. ಆ ಹೆಂಗಸು ಕೆಲಸದಿಂದ ನೇರವಾಗಿ, ಆಫೀಸಿನ ಸಮವಸ್ತ್ರದಲ್ಲೇ ಬಂದು ಜೋಳದ ಸಾಲುಗಳ ನಡುವೆ ನಿಂತಿದ್ದಳು. ಗರಿಗಳು ಮುಖಕ್ಕೆ ತಾಗುತ್ತಿದ್ದವು. ಏನನ್ನೂ ಕೀಳುತ್ತಿರಲಿಲ್ಲ, ಮುಟ್ಟುತ್ತಿರಲಿಲ್ಲ, ಸುಮ್ಮನೆ ಕಣ್ಣು ಮುಚ್ಚಿ ನಿಂತಿದ್ದಳು. ಕತ್ತಲಾಗುತ್ತಿದೆಯಲ್ಲ ಎಂದು ನಾನು ಅವಳನ್ನು ಕೂಗಲು ಬಾಯಿ ತೆರೆದೆ.

ಅತ್ತೆ ನನ್ನ ತೋಳು ಹಿಡಿದಳು.

"ಕೂಗ್ಬ್ಯಾಡ ಸುಮ್ಕಿರೇ" ಎಂದಳು ಮೆಲ್ಲಗೆ. "ಅವ್ಳು ಊರಿಗೋಗವ್ಳೆ. ತಾನಾಗೇ ಬರ್ಲಿ."