ಕೆಂಪಣ್ಣ, ಗುದ್ದಿಗೌಡ ಮತ್ತು ಎರಡು ಮೀಸೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಬಟನ್. ಅದೂ ಇಪ್ಪತ್ತು ವರ್ಷಗಳ ಹಿಂದೆಯೇ ಸತ್ತುಹೋದ ಬಟನ್.

ಆಗ ಗಂಗಾವತಿಯ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ವಿಡಿಯೋ ಗೇಮಿನ ಅಂಗಡಿ ಇತ್ತು. ಒಳಗೆ ಕತ್ತಲು, ಬೀಡಿ ಹೊಗೆ, ನಡುವೆ ಕಪಾಟಿನಷ್ಟು ಎತ್ತರದ ಮಷೀನು. ನಾಣ್ಯ ಹಾಕಿದರೆ ಪರದೆಯ ಮೇಲೆ ಇಬ್ಬರು ಬಡಿದಾಡುತ್ತಿದ್ದರು. ಗುದ್ದಲಿಕ್ಕೊಂದು ಬಟನ್, ಒದೆಯಲಿಕ್ಕೊಂದು ಬಟನ್. ಯಾವನೋ ಸಿಟ್ಟಿನ ಮನುಷ್ಯ ಬಡಿದು ಬಡಿದು ಗುದ್ದುವ ಬಟನ್ನನ್ನು ಒಳಗೇ ಕೂರಿಸಿಬಿಟ್ಟಿದ್ದ. ರಿಪೇರಿ ಎಂದರೆ ಅಂಗಡಿಯವನಿಗೆ ಮೈ ಉರಿ. ಕಾಲು ಅದಾವಲ್ಲ, ಒದೀರಿ ಎನ್ನುತ್ತಿದ್ದ. ಶಾಲೆ ತಪ್ಪಿಸಿ ಬರುತ್ತಿದ್ದ ಗಾಳೇಶ ಹಾಗೆ ಒದ್ದೇ ದೊಡ್ಡವನಾದ. ಅವನು ಆಡಿಸುತ್ತಿದ್ದ ಆಳಿಗೆ ಕೆಂಪು ಅಂಗಿ, ನೆತ್ತಿಯ ಮೇಲೆ ಎಮ್ಮೆಯ ಬಾಲದಂಥ ಜುಟ್ಟು. ಹೆಸರು ಯಾವುದೋ ದೇಶದ ಅಕ್ಷರದಲ್ಲಿ ಬರುತ್ತಿತ್ತು, ಓದುವವರು ಯಾರು? ಹುಡುಗರೆಲ್ಲ ಸೇರಿ ಕೆಂಪಣ್ಣ ಎಂದು ಹೆಸರಿಟ್ಟರು.

ಗಾಳೇಶ ಈಗ ಗಂಗಾವತಿ–ಕುಷ್ಟಗಿ ಬಸ್ಸಿನ ಕಂಡಕ್ಟರು. ಮದುವೆಯಾಗಿ, ಹೊಟ್ಟೆ ಬಂದು, ಅದರ ಮೇಲೆ ಗಿರಿಜಾ ಮೀಸೆ ಬಂದ ಮನುಷ್ಯ. ಆದರೆ ಕೆಂಪಣ್ಣನ ಸುದ್ದಿ ಬಂದರೆ ಹನ್ನೆರಡು ವರ್ಷದ ಪೋರ. ಅವನ ಕರ್ಮಕ್ಕೆ ಅದೇ ಬಸ್ಸಿನ ಡ್ರೈವರು ಕುಷ್ಟಗಿಯ ರಫೀಕ. ರಫೀಕನೂ ತನ್ನೂರಿನ ಅಂಗಡಿಯಲ್ಲಿ ಇಂಥದೇ ಆಟ ಆಡಿ ಬೆಳೆದವನು. ಅವನ ಆಳು ಗುದ್ದಿಗೌಡ. ಹಸಿರು ಅಂಗಿ. ಒಂದು ಗುದ್ದು ಬಿದ್ದರೆ ಎದುರಾಳಿ ಪರದೆಯಾಚೆ. ಗುದ್ದಿಗೌಡ ಜನ್ಮದಲ್ಲಿ ಕಾಲೆತ್ತಿದವನಲ್ಲ, ಕಾಲೆತ್ತುವುದು ಕತ್ತೆಯ ಕೆಲಸ ಎನ್ನುವುದು ರಫೀಕನ ವಾದ. ಕೆಂಪಣ್ಣ ಕೈ ಹೊಲಸು ಮಾಡಿಕೊಳ್ಳುವವನೇ ಅಲ್ಲ ಎನ್ನುವುದು ಗಾಳೇಶನದು. ಇಬ್ಬರಿಗೂ ತಮ್ಮ ಆಟದ ಹೆಸರು ಗೊತ್ತಿಲ್ಲ, ಆದ್ದರಿಂದ ಮೊಬೈಲಿನಲ್ಲಿ ಎಷ್ಟು ಹುಡುಕಿದರೂ ಇಬ್ಬರ ಆಳೂ ಸಿಕ್ಕಿರಲಿಲ್ಲ. ಬರೀ ಬಾಯಿಮಾತಿನ ಮೇಲೆ ನಾಲ್ಕು ವರ್ಷದಿಂದ ಜಗಳ.

ಈ ಬೆಂಕಿಗೆ ಸೀಮೆಎಣ್ಣೆ ಹಾಕಿದ್ದು ಹೊಸ ಆಟ. ಬೇರೆ ಬೇರೆ ಹಳೆಯ ಆಟಗಳ ಬಡಿದಾಟದವರನ್ನೆಲ್ಲ ಹಿಡಿದು ತಂದು ಒಂದೇ ಅಖಾಡಕ್ಕೆ ಬಿಡುವ ಆಟವಂತೆ. ಅದರ ನಿಜವಾದ ಹೆಸರಿಗೆ ನಾಲಿಗೆ ಹೊರಳುವುದಿಲ್ಲ, ನಮ್ಮವರು ದೊಡ್ಡ ಜಂಗಿ ಎನ್ನುತ್ತಾರೆ. ಯಾರು ಯಾರು ಬರುತ್ತಾರೆಂದು ತಿಂಗಳುಗಟ್ಟಲೆ ಊಹೆ, ವಾದ, ಬೈಗುಳ. ಎಲ್ಲರ ಹೆಸರೂ ಹೊರಬಿದ್ದು ಒಂದೇ ಒಂದು ಜಾಗ ಉಳಿದಿತ್ತು. ಅದಕ್ಕೆ ಬರುವವನ ಕಪ್ಪು ನೆರಳನ್ನು ಮಾತ್ರ ಕಂಪನಿಯವರು ತೋರಿಸಿದ್ದರು. ನೆರಳಿನಲ್ಲಿ ಕಂಡದ್ದು ಒಂದು ತಲೆ, ಒಂದು ಜುಟ್ಟು. ಮುಖ ಮರುದಿನ ಸಂಜೆಗೆ.

ಆ ಮರುದಿನ ಬೆಳಿಗ್ಗೆ ಬಸ್ಸು ಗಂಗಾವತಿ ದಾಟುವಷ್ಟರಲ್ಲಿ ಗಾಳೇಶ ಎಂಜಿನ್ನಿನ ಪಕ್ಕ ಬಂದು ನಿಂತ.

"ನೆರಳು ನೋಡಿದೇನು ರಫೀಕಣ್ಣ? ನಮ್ಮ ಕೆಂಪಣ್ಣನ ಜುಟ್ಟು."

"ಕೆಂಪಣ್ಣಗ ಎಲ್ಲಿಂದ ಬಂತು ಜುಟ್ಟು? ನಮ್ಮ ಗೌಡನ್ನ ನೋಡಿ ಬಿಟ್ಟಾನ. ಕಳವಿನ ಜುಟ್ಟು ಅದು."

ತನ್ನನ್ನು ಕಳ್ಳ ಎಂದಿದ್ದರೆ ಗಾಳೇಶ ಸುಮ್ಮನಿರುತ್ತಿದ್ದ. ಕೆಂಪಣ್ಣನನ್ನು ಕಳ್ಳ ಎಂದದ್ದು ತಡೆಯಲಾಗಲಿಲ್ಲ. ಅವನ ಮುಖ ಬ್ಯಾಡಗಿ ಮೆಣಸಿನಕಾಯಿ ಆಯಿತು. ಸಂಜೆ ಗುದ್ದಿಗೌಡ ಏನಾದರೂ ಬಂದರೆ ಈ ಮೀಸೆ ಬೋಳಿಸುತ್ತೇನೆ ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದ. ರಫೀಕ ಸ್ಟೇರಿಂಗ್ ಬಿಟ್ಟು ಒಂದು ಕೈಯಲ್ಲಿ ತನ್ನ ಮೀಸೆ ಮುಟ್ಟಿ, ಕೆಂಪಣ್ಣ ಬಂದರೆ ಇದೂ ಹೋಗಲಿ ಎಂದ.

ಮಾತು ಅಲ್ಲಿಗೇ ಗಾಳಿಗೆ ಹೋಗುತ್ತಿತ್ತು. ಆದರೆ ಮುಂದಿನ ಸೀಟಿನಲ್ಲಿ ವಿರೂಪಾಕ್ಷಮ್ಮ ಇದ್ದಳು. ದಿನಾ ಹೂವಿನ ಬುಟ್ಟಿ ಹಿಡಿದು ಕುಷ್ಟಗಿಗೆ ಹೋಗಿ ಸಂಜೆ ಮರಳುವವಳು. ಆ ದಾರಿಯ ಯಾವ ಜಗಳವೂ ಅವಳ ಅಪ್ಪಣೆ ಇಲ್ಲದೆ ಮುಗಿಯುವುದಿಲ್ಲ. ಅವಳು ಶರತ್ತನ್ನು ಬಿಗಿ ಮಾಡಿದಳು. ಯಾರ ಎದುರಾಳಿಯ ಆಳು ಬರುತ್ತಾನೋ ಅವರು ಬೋಳಿಸಬೇಕು. ಇಬ್ಬರೂ ಬರದಿದ್ದರೆ ಇಬ್ಬರೂ ಪಾರು. ಎಲ್ಲರ ಎದುರಿಗೆ ಇಬ್ಬರ ಕೈ ಹಿಡಿದು ಕೂಡಿಸಿದಳು. ಇದ್ದದ್ದೇ ಒಂದು ಜಾಗ, ಬರುವವನು ಕೆಂಪಣ್ಣ, ತನ್ನ ಕೂದಲೊಂದೂ ಕೊಂಕುವುದಿಲ್ಲ ಎಂದು ಗಾಳೇಶ ಎದೆಯುಬ್ಬಿಸಿದ. ಈ ಗದ್ದಲದಲ್ಲಿ ರಫೀಕ ಕನಕಗಿರಿ ಸ್ಟಾಪಿನಲ್ಲಿ ನಿಲ್ಲಿಸುವುದನ್ನೇ ಮರೆತ. ಇಳಿಯಬೇಕಾದವರು ಕೆಂಪಣ್ಣನಿಗೂ ಗುದ್ದಿಗೌಡನಿಗೂ ಸಮನಾಗಿ ಶಾಪ ಹಾಕುತ್ತ ಅರ್ಧ ಮೈಲಿ ನಡೆದರು.

ಕುಷ್ಟಗಿಯಲ್ಲಿ ಬಸ್ಸು ನಿಂತಾಗ ಫೋನು ಬಂತು. ಗಾಳೇಶನ ತಾಯಿ ಕರಿಯವ್ವ.

"ಏ ಗಾಳ್ಯಾ, ನಾಳಿಗೆ ನಿಮ್ಮ ತಮ್ಮನ ನಿಶ್ಚಯ ಐತಿ, ನೆಪ್ಪೈತಿಲ್ಲೋ? ಬೀಗರ ಮುಂದ ನಿಮ್ಮಪ್ಪನ ಜಾಗಾದಾಗ ನೀ ಕುಂದ್ರಾಂವ. ಸಂಜಿಕಡೆ ಆ ನೂರಸಾಬನ ಅಂಗಡಿಗೆ ಹೋಗಿ ಮೀಸಿ ಛಲೋತ್ನಂಗ ತಿದ್ದಿಸಿಕೊಂಡು ಬಾ."

ಗಾಳೇಶನ ಕೈ ತಾನಾಗಿಯೇ ಮೀಸೆಗೆ ಹೋಯಿತು. ಅವರ ಮನೆತನದಲ್ಲಿ ಗಂಡಸರು ಮೀಸೆ ತೆಗೆಸುವುದು ಹೆತ್ತವರು ಸತ್ತಾಗ ಮಾತ್ರ. ಅಪ್ಪ ಸತ್ತಾಗ ಒಮ್ಮೆ ತೆಗೆಸಿದ್ದಾಗಿದೆ. ಇನ್ನು ಉಳಿದವಳು ತಾಯಿ ಒಬ್ಬಳೇ. ನಾಳೆ ಬೋಳು ಮೂತಿಯಲ್ಲಿ ಬೀಗರ ಮುಂದೆ ಕೂತರೆ, ಪಕ್ಕದಲ್ಲೇ ಎಲೆ ಅಡಿಕೆ ಜಗಿಯುತ್ತ ಕೂತ ಕರಿಯವ್ವನನ್ನು ಬೀಗರು ಏನೆಂದು ತಿಳಿಯಬೇಕು?

ಚಹಾದಂಗಡಿಯಲ್ಲಿ ರಫೀಕನ ಪಕ್ಕ ಕೂತು, ದೋಸ್ತಿಯಲ್ಲಿ ಇಂಥ ಶರತ್ತು ಚಂದವಲ್ಲ, ಬಿಟ್ಟುಬಿಡೋಣ ಎಂದು ಮೆತ್ತಗೆ ಎತ್ತಿದ. ರಫೀಕನ ಮನೆಯಲ್ಲೂ ಹೆಂಡತಿ ಶಬೀನಾ ಮದುವೆಯಾದಾಗಿನಿಂದ ಆ ಮೀಸೆ ತೆಗೀರಿ ಎಂದು ಗಂಟು ಬಿದ್ದವಳು, ಅವಳಿಗೆ ಸೋಲಬಾರದೆಂದೇ ಅವನು ಬೆಳೆಸಿಕೊಂಡು ಬಂದವನು. ಅವನೂ ಒಪ್ಪುತ್ತಿದ್ದನೇನೋ. ಆದರೆ ಒಪ್ಪುವ ಮೊದಲು ಒಂದು ಮಾತು ಆಡಿದ.

"ಬಿಡೋಣ. ಖರೇ, ನಮ್ಮ ಗೌಡಗ ನಿಮ್ಮ ಕೆಂಪ ಹೆದರ್‍ಯಾನ ಅಂತ ಒಮ್ಮಿ ಅಂದ್ಬಿಡು."

ಗಾಳೇಶ ಅರ್ಧ ಕುಡಿದ ಚಹಾ ಬಿಟ್ಟು ಎದ್ದ. ಅಲ್ಲಿಗೆ ಸಂಧಾನ ಮುಗಿಯಿತು.

ಮರಳುವ ದಾರಿಯಲ್ಲಿ ಬಸ್ಸೇ ಎರಡು ಹೋಳಾಗಿತ್ತು. ಎಡಗಡೆ ಕೆಂಪಣ್ಣನವರು, ಬಲಗಡೆ ಗುದ್ದಿಗೌಡನವರು. ಆ ಆಟದ ಮುಖವನ್ನೇ ನೋಡದ ಮುದುಕರೂ ಕೊರಳ ನರ ಉಬ್ಬಿಸಿ ವಾದಿಸುತ್ತಿದ್ದರು. ಮಲಗಿದ್ದ ಕೂಸುಗಳು ಎದ್ದು ಅತ್ತವು, ಅವನ್ನೂ ಯಾವ ಕಡೆಯವು ಎಂದು ಕೇಳಿದರು. ತಾವರಗೇರಾದಲ್ಲಿ ಗಾಳೇಶ ಮೇಲಿನ ಮೂಟೆ ಇಳಿಸಿಕೊಡಲು ಕೆಳಗಿಳಿದ. ಸೀಟಿಯನ್ನು ಸೀಟಿನ ಮೇಲೇ ಬಿಟ್ಟಿದ್ದ. ವಿರೂಪಾಕ್ಷಮ್ಮನಿಗೆ ಸಂಜೆಯ ತೀರ್ಪಿಗೆ ತಡವಾಗುವ ಚಿಂತೆ. ಅವಳೇ ಸೀಟಿ ಎತ್ತಿಕೊಂಡು ಊದಿದಳು. ಸಿಟ್ಟಿನಲ್ಲಿದ್ದ ರಫೀಕ ಕನ್ನಡಿಯನ್ನೂ ನೋಡದೆ ಗಾಡಿ ಬಿಟ್ಟ. ಕಂಡಕ್ಟರಿಲ್ಲದ ಬಸ್ಸು ಮುಂದೆ, ಬಸ್ಸಿಲ್ಲದ ಕಂಡಕ್ಟರು ಹಿಂದೆ. ಕೊನೆಗೆ ಹೊಟ್ಟು ತುಂಬಿದ ಟ್ರ್ಯಾಕ್ಟರಿನ ಮೇಲೆ ಕೂತು, ಮೈತುಂಬ ಹೊಟ್ಟು ಮೆತ್ತಿಕೊಂಡು, ಹಿಟ್ಟಿನಲ್ಲಿ ಹೊರಳಿಸಿದ ಮಿರ್ಚಿಯಂತಾಗಿ ಕನಕಗಿರಿಯಲ್ಲಿ ತನಗಾಗಿ ಕಾದು ನಿಂತಿದ್ದ ಬಸ್ಸು ಹಿಡಿದ. ರಫೀಕ ತಿರುಗಿ ನೋಡಿ, ಕೆಂಪಣ್ಣನಂಗ ಕಾಲಿನ ಮೇಲೆ ಭರವಸೆ ಇದ್ದವರು ಓಡಿಯೇ ಬರಬಹುದಿತ್ತಲ್ಲ ಎಂದ. ಅಲ್ಲಿಂದ ಗಂಗಾವತಿಯವರೆಗೆ ಗಾಳೇಶನ ಸೀಟಿ ಕೊರಳು ಹಿಸುಕಿದಂತೆ ಕೂಗುತ್ತಿತ್ತು.

ಸಂಜೆ ಗಂಗಾವತಿ ಸ್ಟ್ಯಾಂಡಿನ ಎದುರು ನೂರಸಾಬನ ಕ್ಷೌರದಂಗಡಿಯ ಮುಂದೆ ಜನ. ನೂರಸಾಬ ಮುಂಚೆಯೇ ನೀರು ಕಾಯಿಸಿಟ್ಟಿದ್ದ. ಗೋಡೆಯ ಟಿವಿಗೆ ಮೊಬೈಲು ಹಚ್ಚಿದ್ದರು. ಕಪ್ಪು ನೆರಳು ಬಂತು. ಜುಟ್ಟು ಅಲ್ಲಾಡಿತು. ಬೆಳಕು ಬಿತ್ತು. ಕೆಂಪು ಅಂಗಿಯ ಮನುಷ್ಯನೊಬ್ಬ ಎಗರಿ ಎದುರಿನವನ ಎದೆಗೆ ಒದ್ದ.

ಗಾಳೇಶನ ಕಣ್ಣಲ್ಲಿ ನೀರು ಬಂತು. ಕೆಂಪಣ್ಣ, ಅದೇ ಕೆಂಪಣ್ಣ, ಒಂದು ದಿನವೂ ವಯಸ್ಸಾಗಿಲ್ಲ. ತಾಯಿಯ ಮಾನ, ತಮ್ಮನ ನಿಶ್ಚಯ, ತನ್ನ ಮೀಸೆ, ಮೂರನ್ನೂ ಒಂದೇ ಒದೆತದಲ್ಲಿ ಉಳಿಸಿದ್ದ. ಗಾಳೇಶ ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಪರದೆಯವನು ಕೈ ತಿರುಗಿಸಿ ಒಂದು ಗುದ್ದು ಗುದ್ದಿದ. ಎದುರಿನವನು ಪರದೆಯಾಚೆ ಹೋದ.

"ನಮ್ಮ ಗೌಡ" ಎಂದ ರಫೀಕ. "ಆ ಗುದ್ದು ಅವನದ. ಆ ಗುದ್ದು ನಾ ಮರೀತೀನೇನು?"

"ಕೆಂಪಂಗಿ ಕಾಣವಲ್ದೇನು ನಿನಗ? ಕೆಂಪಣ್ಣಂವ."

"ಅಂಗಿ ಬದಲಿ ಮಾಡ್ಯಾನ. ಅಲ್ಲೋ, ಗೌಡ ಒದಿಯೂದು ಯಾವಾಗ ಕಲ್ತಾ?"

ಗಾಳೇಶನೂ ಅದೇ ಹೊತ್ತಿಗೆ ಕೆಂಪಣ್ಣನಿಗೆ ಕೈ ಯಾವಾಗ ಬಂದವೆಂದು ಯೋಚಿಸುತ್ತಿದ್ದ. ಅವನು ನಿಧಾನಕ್ಕೆ ಕೇಳಿದ, ಕುಷ್ಟಗಿಯ ಮಷೀನಿನಲ್ಲಿ ಒದೆಯುವ ಬಟನ್ ಇರಲಿಲ್ಲವೇ? ಇತ್ತು, ಆದರೆ ಅದರ ಸ್ಪ್ರಿಂಗ್ ಕಿತ್ತು ಬಂದಿತ್ತು ಎಂದ ರಫೀಕ. ಪರದೆ? ಪರದೆಯ ಟ್ಯೂಬು ಹಾಳಾಗಿ ಕೆಂಪು ಬಣ್ಣವೇ ಬರುತ್ತಿರಲಿಲ್ಲ, ಅದರೊಳಗೆ ಎಲ್ಲವೂ ಹಸಿರು, ರಕ್ತ ಸುರಿದರೂ ಹಸಿರು. ಅದನ್ನು ಹೇಳುತ್ತ ಹೇಳುತ್ತಲೇ ರಫೀಕನ ದನಿ ಇಳಿಯಿತು. ನಾಲ್ಕು ವರ್ಷ ಒಬ್ಬನೇ ಮನುಷ್ಯನ ಕಾಲನ್ನು ಒಬ್ಬ, ಕೈಯನ್ನು ಇನ್ನೊಬ್ಬ ಹಿಡಿದುಕೊಂಡು ಜಗ್ಗಾಡಿದ್ದರು.

ಇಬ್ಬರೂ ಗೆದ್ದೆವಲ್ಲ ಎಂದು ಗಾಳೇಶ ರಫೀಕನನ್ನು ತಬ್ಬಿಕೊಳ್ಳಲು ಹೋದ. ನಡುವೆ ಹೂವಿನ ಬುಟ್ಟಿ ಅಡ್ಡ ಬಂತು.

"ನಿಂದ್ರು ತಮ್ಮಾ" ಎಂದಳು ವಿರೂಪಾಕ್ಷಮ್ಮ. "ಗುದ್ದಿಗೌಡ ಬಂದಾನಿಲ್ಲೋ? ಬಂದಾನ. ಹಂಗಾರ ನೀ ಕುಂದ್ರು. ಕೆಂಪಣ್ಣ ಬಂದಾನಿಲ್ಲೋ? ಅಂವಾನೂ ಬಂದಾನ. ರಫೀಕಾ, ನೀ ಆಮ್ಯಾಲ ಕುಂದ್ರು. ಕೈ ಕೂಡಿಸಿದಾಕಿ ನಾನು."

ತಾಯಿ ಬದುಕಿದ್ದಾಳೆ, ನಾಳೆ ನಿಶ್ಚಯ ಇದೆ ಎಂದು ಗಾಳೇಶ ಅಂಗಲಾಚಿದ. ಎಡಗಡೆಯವರು ಬಲಗಡೆಯವರು ಎಲ್ಲ ಒಂದಾಗಿ ಅವನನ್ನು ಕುರ್ಚಿಗೆ ಒತ್ತಿ ಹಿಡಿದರು. ಆ ದಿನ ಅವರು ಒಪ್ಪಿದ್ದು ಅದೊಂದೇ ವಿಷಯಕ್ಕೆ. ನೂರಸಾಬ ನಾಲ್ಕು ಸಲ ಕತ್ತಿ ಎಳೆದ. ಗಾಳೇಶನ ಮುಖ ಸುಲಿದ ಬಾಳೆಹಣ್ಣಿನಂತೆ ಹೊರಬಂತು. ರಫೀಕನ ಬೋಳು ಮುಖದ ಫೋಟೋ ಯಾರೋ ಕುಷ್ಟಗಿಗೆ ಕಳಿಸಿದರು. ಶಬೀನಾ ಕೂಡಲೇ ಫೋನು ಮಾಡಿ, ನಾಳೆ ನಿಮಗೆ ಬಿರಿಯಾನಿ ಎಂದಳು.

ಗಾಳೇಶ ಬಾಯಿಗೆ ಟವೆಲ್ಲು ಅಡ್ಡ ಹಿಡಿದು ಅಂಗಡಿಯಿಂದ ಇಳಿದ. ನಿಶ್ಚಯಕ್ಕೆಂದು ತಳಕಲ್‌ನಿಂದ ಬಂದ ಚಿಕ್ಕವ್ವ ಹುಲಗೆಮ್ಮ ಆಗ ತಾನೇ ಬಸ್ಸಿನಿಂದ ಇಳಿಯುತ್ತಿದ್ದಳು. ಗಾಳಿಗೆ ಟವೆಲ್ಲು ಸರಿಯಿತು. ಬೋಳು ಮೂತಿ, ಅತ್ತು ಕೆಂಪಾದ ಕಣ್ಣು, ಮೈತುಂಬ ಹೊಟ್ಟಿನ ದೂಳು. ಹುಲಗೆಮ್ಮ ಏನೂ ಕೇಳಲಿಲ್ಲ. ಅಕ್ಕಾ ಎಂದು ಎದೆ ಬಡಿದುಕೊಂಡು ಸಿಕ್ಕ ಆಟೋ ಹತ್ತಿದಳು. ಗಾಳೇಶ ಹಿಂದೆ ಓಡಿದ, ಕೂಗಿದ. ಆಟೋದವನು, ದುಃಖದ ಹೊತ್ತು ಪಾಪ, ಇನ್ನಷ್ಟು ಜೋರಾಗಿ ಬಿಟ್ಟ.

ಆಟೋದಲ್ಲಿ ಕೂತೇ ಹುಲಗೆಮ್ಮ ಬಳಗಕ್ಕೆಲ್ಲ ಫೋನು ಮಾಡಿದಳು. ಬೀಗರಿಗೂ ಮಾಡಿದಳು. ಬೀಗರು ಕೂಡಲೇ ನಿಶ್ಚಯ ಮುಂದಕ್ಕೆ ಹಾಕಿದರು.

ಗಾಳೇಶ ಓಣಿಗೆ ಬಂದಾಗ ನಿಶ್ಚಯಕ್ಕೆ ಹಾಕಿದ ಪೆಂಡಾಲಿನಲ್ಲೇ ಜನ ಸೇರಿದ್ದರು. ಒಬ್ಬ ಚೆಂಡುಹೂವಿನ ಹಾರ ಹಿಡಿದು ಯಾರಿಗೆ ಹಾಕಬೇಕೆಂದು ತಿಳಿಯದೆ ನಿಂತಿದ್ದ. ಹುಲಗೆಮ್ಮ ಒಂದು ಮೂಲೆಯಲ್ಲಿ ಬಿಕ್ಕುತ್ತಿದ್ದಳು, ಈಗ ಯಾಕೆ ಅಳುತ್ತಿದ್ದೇನೆಂದು ಅವಳಿಗೂ ಗೊತ್ತಿರಲಿಲ್ಲ. ಹೊಸ್ತಿಲ ಮೇಲೆ ಕರಿಯವ್ವ ನಿಂತಿದ್ದಳು. ಎರಡೂ ಕೈಗೆ ಜೋಳದ ಹಿಟ್ಟು, ಕಣ್ಣಲ್ಲಿ ಕೆಂಡ.

"ಯಾಕೋ? ನಾ ಯಾವಾಗ ಸತ್ತೆ?"

ಗಾಳೇಶನ ನಾಲ್ಕು ವರ್ಷದ ವಾದವೆಲ್ಲ ಎರಡು ಮಾತಿಗೆ ಇಳಿಯಿತು.

"ಯವ್ವಾ, ಕೆಂಪಣ್ಣ ಬಂದ."

ಆ ಹೆಸರನ್ನು ಮಗನ ಬಾಯಲ್ಲಿ ಕೇಳಿ ಕೇಳಿ ಸಾಕಾಗಿದ್ದ ಕರಿಯವ್ವ ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು, ಸೆರಗು ಬಿಗಿದು ನಡುವಿಗೆ ಸಿಕ್ಕಿಸಿದಳು.

"ಬಂದಾನ? ಎಲ್ಲಿ ಅದಾನ, ಕರಕೊಂಡು ಬಾ ಅವನ್ನ. ಗುದ್ದತಾನೋ ಒದಿತಾನೋ, ಮೊದ್ಲು ನನ್ನ ಕೂಡ ಒಂದು ಜಂಗಿ ಆಗಿಬಿಡ್ಲಿ."