ಕೆಂಪು ಬಾವಿ

ನನ್ನ ಸೋದರಮಾವನಿಗೆ ಮನುಷ್ಯರ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ನೆಲದೊಳಗಿನ ನೀರಿನ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು! ವಿಜಾಪುರದಿಂದ ಬಂದು ಕಾಂದಿವಲಿಯ ಗಣಿಯಲ್ಲಿ ಕರಿಕಲ್ಲು ಒಡೆದೊಡೆದು ಅವನ ಕಿವಿ ಹಾಗಾಗಿತ್ತೋ, ಹುಟ್ಟುತ್ತಲೇ ಹಾಗಿತ್ತೋ, ದೇವರೇ ಬಲ್ಲ.

ಎಪ್ಪತ್ತರ ದಶಕದ ಮಲಾಡ್. ನಮ್ಮದೂ ಅವನದೂ ಸಾಲುಖೋಲಿಗಳ ಒಂದೇ ಚಾಳು, ಒಂದೇ ಬಾವಿ. ಮಟಮಟ ಮಧ್ಯಾಹ್ನ ಬಾವಿಯ ಪಕ್ಕದ ಬಂಡೆಗೆ ಕಿವಿ ಹಚ್ಚಿ, ಕಣ್ಣು ತೆರೆದುಕೊಂಡೇ, ಅಲುಗಾಡದೆ ಮಲಗಿಬಿಡುತ್ತಿದ್ದ. ಹೊಸದಾಗಿ ಬಂದ ನೆರೆಯವಳೊಬ್ಬಳು ಹೆಣವೆಂದು ತಿಳಿದು ಗೊಳೋ ಎಂದು ಅತ್ತಳು. ಹೆಣ ಬಾಯಿ ತೆರೆಯಿತು: “ಸುಮ್ಮನಿರವ್ವಾ, ಕೆಳಗ ನೀರು ಹೊಂಟದ!” ಪುಣ್ಯಾತಗಿತ್ತಿ ಮರುದಿನವೇ ಖೋಲಿ ಬದಲಿಸಿದಳು.

“ಕಲ್ಲಿನ್ಯಾಗ ನೀರು ಹ್ಯಾಂಗ ಹೋಗತದ ಮಾವಾ?” ಎಂದರೆ ದನಿ ತಗ್ಗಿಸುತ್ತಿದ್ದ.

“ಕಲ್ಲಿನ ಮೈತುಂಬ ಸೀಳು ಅದಾವ. ಆ ಸೀಳಿನ್ಯಾಗ ನೀರು ಅಡಗಿ ಕುಂತಿರ್ತದ, ಸಾವಕಾಶ ನಡೀತದ. ಯಾರ ಮನಿ ಹೊಲಸು ಯಾರ ಬಾವಿಗಿ ಬರ್ತದೋ, ಮ್ಯಾಲಿನವರಿಗೆ ಗೊತ್ತಾಗೂದಿಲ್ಲ.”

ಹಾಡಹಗಲಲ್ಲೇ ನನ್ನ ಮೈ ಜುಮ್ಮೆನ್ನುತ್ತಿತ್ತು.

ನನ್ನ ಚೊಚ್ಚಲ ಮಗು ಹುಟ್ಟಿದ ತಿಂಗಳಲ್ಲೇ ಚಾಳಿನ ಮಾಲೀಕ, ಬಾವಿಯ ಮೇಲಿನ ದಿಬ್ಬದಲ್ಲಿ ಪಾಯಖಾನೆಗೆಂದು ಗುಂಡಿ ತೋಡಿಸಿದ. ಮುಂದಿನ ವಾರದಿಂದ ಬಳಕೆ ಶುರುವಾಗುವುದಿತ್ತು. “ಇದರ ಸೀಳು ಬಾವಿಗೇ ಹೋಗ್ಯದ, ಬ್ಯಾಡ್ರೀ” ಎಂದು ಮಾವ ಮನೆಮನೆಗೆ ಹೇಳಿಬಂದ. “ಅರೇ ಪಾಗಲ್, ಪತ್ಥರ್ ಮೇಂ ಸೇ ಪಾನಿ ಜಾತಾ ಹೈ ಕ್ಯಾ?” ಎಂದು, ಕಲ್ಲಿನೊಳಗಿಂದ ನೀರು ಹರಿಯುವುದುಂಟೇ ಎಂಬಂತೆ, ಮಾಲೀಕ ನಕ್ಕ. ಚಾಳೆಲ್ಲ ನಕ್ಕಿತು. ನಾನೂ ನಕ್ಕೆ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಗಂಗೆಪೂಜೆಯ ದಿನ ಬಂತು. ಬಾಣಂತಿ ಬಾವಿ ಪೂಜಿಸಿ ಮೊದಲ ಕೊಡ ನೀರು ಮನೆಗೆ ತರಬೇಕು. ಅದರಲ್ಲಿ ಮಗುವಿನ ಬಾಯಿಗೆ ಎರಡು ಹನಿ ಬಿಡುವುದು ನಮ್ಮ ಮನೆಯ ಪದ್ಧತಿ. ಅರಿಶಿನ-ಕುಂಕುಮ ಹಿಡಿದು ಬಗ್ಗಿದೆ. ಬಾವಿ ಕೆಂಪಗಿತ್ತು! ನೀರಿನೊಳಗಿನ ನನ್ನ ಮುಖವೂ ಕೆಂಪು. ಬಂಡೆಯ ಸೀಳಿನಿಂದ ಕೆಂಪು ಎಳೆಯೊಂದು ಸದ್ದಿಲ್ಲದೆ ಇಳಿಯುತ್ತಿತ್ತು. ಕೊಡ ಕೈಜಾರಿತು.

“ಗಂಗವ್ವ ಮುನದಾಳ!” ಅತ್ತೆ ಎದೆ ಬಡಿದುಕೊಂಡರು.

“ಗಂಗವ್ವ ಅಲ್ರೀ ಬೀಗರ, ನಾನು,” ಎಂದ ಮಾವ. “ಮೂರು ದಿನದ ಹಿಂದ ಆ ಗುಂಡಿಯೊಳಗ ಕೊಡಗಟ್ಟಲೆ ಹೋಳಿ ಬಣ್ಣ ಸುರುವೀನಿ. ಈಗರೆ ನಂಬತೀರಿಲ್ಲೋ?”

ಮಾಲೀಕ ಬಂದು ಬಾವಿಗೆ ಬಗ್ಗಿ ನೋಡಿದ. ಸಂಜೆಯೊಳಗೆ ಗುಂಡಿ ಮುಚ್ಚಿಸಿದ. ಮಾವ ನಳದ ಸಾಲಿನಲ್ಲಿ ನಿಂತು, ಒಂದು ಕೊಡ ನೀರು ಹೊತ್ತು ತಂದು ನನ್ನ ಮುಂದಿಟ್ಟ. “ಇದಕ್ಕ ಪೂಜಿ ಮಾಡು, ತಾಯಿ.”

“ಹಿಂಗ ಹೆದರಸೂದೇನು ಮಾವಾ? ನನ್ನ ಜೀವಾನ ಹೋಗಿತ್ತು!” ಎಂದು ಗದರಿದೆ.

ಅವನು ಮಗುವಿನ ಪಾದ ಹಿಡಿದುಕೊಂಡು ಕೂತ. ಅವನಿಗೊಂದು ಹೆಣ್ಣುಮಗು ಹುಟ್ಟಿ, ವಾಂತಿಭೇದಿಯಾಗಿ ಹೋದದ್ದು ಅವರಿವರಿಂದ ಕೇಳಿದ್ದೆ. ಅವನ ಬಾಯಿಂದ ಎಂದೂ ಕೇಳಿರಲಿಲ್ಲ.

“ನನ್ನ ಕೂಸು ಕುಡಿದ ನೀರು ಭಾಳ ತಿಳಿ ಇತ್ತವ್ವಾ,” ಎಂದ.