ಎರಡು ಕೀಬೋರ್ಡುಗಳ ಮರಣೋತ್ತರ ಪರೀಕ್ಷೆ

ಮೌಸ್ ಹಿಡಿದು ಪರದೆಯ ಮೇಲಿನ ಚಿತ್ರಗಳನ್ನು ಚುಚ್ಚುತ್ತ ಕೂರುವವರ ಬಗ್ಗೆ ನನಗೆ ಮೊದಲಿನಿಂದಲೂ ತಾತ್ಸಾರ. ಅದೆಲ್ಲ ಮಕ್ಕಳಾಟ! ನಾನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷ ಒಂದು ಹನಿಯೂ ಹೆಚ್ಚುಕಮ್ಮಿಯಾಗದಂತೆ ದುಡಿದವನು. ಆಫೀಸು ಕೈಬಿಟ್ಟ ಹಳೆಯ ಲಿನಕ್ಸ್ ಸರ್ವರನ್ನು ಮನೆಗೆ ಹೊತ್ತು ತಂದು, ಭಾನುವಾರ ಬೆಳಿಗ್ಗೆ ಎಂಟೂವರೆಗೆ ಘೋಷಿಸಿದೆ: “ಪ್ರೋಗ್ರಾಂ ಬರೆಯೋಕೆ ಇದರಲ್ಲಿ ಪೈಥಾನ್ ಸ್ಥಾಪಿಸ್ತೀನಿ. ಮೌಸ್ ಮುಟ್ಟೋದಿಲ್ಲ, ಬರೀ ಆದೇಶ ಟೈಪ್ ಮಾಡಿ! ಹತ್ತು ನಿಮಿಷದ ಕೆಲಸ.”

“ಮಾಡ್ಕೊಳ್ಳಿ. ನನ್ನ ಕಂಪ್ಯೂಟರ್ ತಂಟೆಗೆ ಮಾತ್ರ ಬರಬೇಡಿ,” ಎಂದಳು ಹೆಂಡತಿ. ಅವಳು ಭೂಗೋಳದ ಟೀಚರು. ಪ್ರಶ್ನೆಪತ್ರಿಕೆ ಮಧ್ಯಾಹ್ನ ಹನ್ನೆರಡರೊಳಗೆ ಇಮೇಲಿನಲ್ಲಿ ಶಾಲೆಗೆ ಹೋಗಲೇಬೇಕು. ಇನ್ನೂ ಅರ್ಧ ಬಾಕಿಯಿತ್ತು.

ಸಹೋದ್ಯೋಗಿ ಬರೆದುಕೊಟ್ಟ ಚೀಟಿಯಲ್ಲಿ ಆದೇಶದ ಶುರುವಿಗೇ ಒಂದು ಡಾಲರ್ ಚಿಹ್ನೆ. ಬರೆದದ್ದನ್ನು ಬಿಡುವ ಜಾಯಮಾನ ನನ್ನದಲ್ಲ, ಅದನ್ನೂ ಸೇರಿಸಿ ಹೊಡೆದೆ. ‘ಅಂಥ ಆದೇಶವೇ ಇಲ್ಲ’ ಎಂದಿತು ಯಂತ್ರ. ಹನ್ನೊಂದು ಸಲ ಹೊಡೆದು ಹನ್ನೊಂದು ಫಲಿತಾಂಶಗಳನ್ನೂ ನೋಟ್‌ಬುಕ್ಕಿನಲ್ಲಿ ದಾಖಲಿಸಿದೆ. ಎಲ್ಲವೂ ಒಂದೇ!

ಅಂಗಡಿಗೆ ಹೊರಟಿದ್ದ ಹೆಂಡತಿ ಚೀಲ ಹಿಡಿದುಕೊಂಡೇ ಇಣುಕಿದಳು. “ಆ ಡಾಲರ್ ಪರದೆ ಮೇಲೆ ಆಗಲೇ ಇದೆಯಲ್ರೀ! ಇನ್ನೊಂದು ಯಾಕೆ?”

“ಪ್ರಯೋಗ ನಡೀತಿದೆ. ನಡುವೆ ಬಾಯಿ ಹಾಕ್ಬೇಡ.”

ಅವಳು ಹೊಸ್ತಿಲು ದಾಟಿದ ಮೇಲೆ ಡಾಲರ್ ಬಿಟ್ಟು ಹೊಡೆದೆ. ಯಂತ್ರ ಪಾಸ್‌ವರ್ಡ್ ಕೇಳಿತು! ಕುಟ್ಟಿದೆ. ಪರದೆಯ ಮೇಲೆ ಒಂದಕ್ಷರವಿಲ್ಲ, ಒಂದು ಚುಕ್ಕಿಯೂ ಇಲ್ಲ. ತೀರ್ಪು ಕೊಟ್ಟೆ: ಕೀಬೋರ್ಡ್ ಸತ್ತಿದೆ! ಅರೆನಿಮಿಷದ ಹಿಂದೆ ಅದೇ ಕೀಬೋರ್ಡು ಆದೇಶ ಟೈಪ್ ಮಾಡಿತ್ತೆಂಬುದು ನನ್ನಂಥ ವಿಜ್ಞಾನದ ಪದವೀಧರನಿಗೆ ಹೊಳೆಯಲಿಲ್ಲ. ಗುಂಡಿಗಳನ್ನೆಲ್ಲ ಮೀಟಿ ತೆಗೆದು, ಸೋಪುನೀರಲ್ಲಿ ತೊಳೆದು ಟವೆಲ್ ಮೇಲೆ ಹರವಿದೆ. ಅವು ಒಣಗುವತನಕ ಹೋಲಿಸಿ ನೋಡಲು ಹೆಂಡತಿಯ ಕೀಬೋರ್ಡನ್ನು ಕಿತ್ತು ತಂದು ಸಿಕ್ಕಿಸಿದೆ. ಪಾಸ್‌ವರ್ಡ್ ಕುಟ್ಟಿದೆ. ಅದೂ ಸತ್ತಿತ್ತು! ಅದನ್ನೂ ಬಿಚ್ಚಿ ತೊಳೆದೆ.

ಮತ್ತೆ ಕೂರಿಸುವಾಗ ಯಾವ ಗುಂಡಿ ಎಲ್ಲಿತ್ತೆಂಬುದು ನೆನಪಾಗಲಿಲ್ಲ. ಕ್ರಮಬದ್ಧ ಮನುಷ್ಯ ನಾನು. ಅಕ್ಷರಮಾಲೆಯ ಕ್ರಮದಲ್ಲೇ ಕೂರಿಸಿದೆ.

ಹನ್ನೊಂದೂ ಇಪ್ಪತ್ತಕ್ಕೆ ಬಾಗಿಲಲ್ಲಿ ಚೀಲ ದೊಪ್ಪೆಂದಿತು. “ಏನ್ರೀ ಇದು?”

“ಎರಡೂ ಕೆಟ್ಟಿದ್ವು ಕಣೇ. ರಿಪೇರಿ ಮಾಡ್ದೆ. ಎ ಬಿ ಸಿ ಡಿ ಈಗ ಎಷ್ಟು ಸಾಲಾಗಿದೆ ನೋಡು!”

“ನನ್ನ ಪ್ರಶ್ನೆಪತ್ರಿಕೆ?”

ಅವಳು ತನ್ನ ಕೀಬೋರ್ಡ್ ಕಸಿದು ಕಂಪ್ಯೂಟರಿಗೆ ಸಿಕ್ಕಿಸಿ ಕುಳಿತಳು. ಗುಂಡಿಗಳ ಕಡೆ ಒಮ್ಮೆಯೂ ನೋಡಲಿಲ್ಲ. ಮೇಲಿನ ಅಕ್ಷರ ಅದಲುಬದಲಾದರೂ ಅಡಿಯ ಕೀಲಿಗಳು ಹಳೆಯ ಜಾಗದಲ್ಲೇ ಇದ್ದವು, ಅವಳ ಬೆರಳುಗಳಿಗೇ ಆ ಜಾಗ ಗೊತ್ತಿತ್ತು. ಹನ್ನೊಂದೂ ಐವತ್ತೆಂಟಕ್ಕೆ ಪತ್ರಿಕೆ ಹೋಯಿತು.

ಅದೇ ಕೀಬೋರ್ಡ್ ಹಿಡಿದು ಅವಳು ಸರ್ವರಿನ ಮುಂದೆ ಬಂದಳು. ಚೀಟಿ ನೋಡಿ, ಡಾಲರ್ ಬಿಟ್ಟು, ಆದೇಶ ಹೊಡೆದಳು. “ಪಾಸ್‌ವರ್ಡ್ ಹೇಳಿ.”

“ನಮ್ಮ ಮದುವೆ ತಾರೀಖು.”

“ಸದ್ಯ, ಅದನ್ನ ತೊಳೆದು ಹಾಕಿಲ್ಲವಲ್ಲ!” ಎನ್ನುತ್ತ ಹೊಡೆದಳು. ಪರದೆ ಖಾಲಿ.

“ನೋಡಿದ್ಯಾ? ಸತ್ತಿದೆ!”

“ಪಾಸ್‌ವರ್ಡನ್ನ ಡಂಗುರ ಹೊಡೆದು ತೋರಿಸ್ತಾರೇನ್ರೀ? ಕಾಣದ ಹಾಗೇ ಮಾಡಿರ್ತಾರೆ. ಹೊಡೆದು ಎಂಟರ್ ಒತ್ತಿದರಾಯ್ತು.” ಒತ್ತಿದಳು. ಯಂತ್ರ ಕ್ಷಣಕಾಲ ಯೋಚಿಸಿ ಒಂದು ಸಾಲು ಉಗುಳಿತು. ಓದಿದವಳೇ ಸೆರಗು ಬಾಯಿಗೆ ಒತ್ತಿಕೊಂಡಳು.

“ಏನಂತೆ? ಸ್ಥಾಪನೆ ಆಯ್ತಾ?”

“ಪೈಥಾನ್ ಇದರಲ್ಲಿ ಆಗಲೇ ಇದೆಯಂತಲ್ರೀ!”